ಹಳೆಯ ಮನೆದೀಪವನ್ನು ಮಳೆ ತಡೆಯುವ ತೋಟದ ದೀಪವಾಗಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಯಾರೋ ಬಳಸಿ ಬಿಟ್ಟ ಗೋಡೆದೀಪವನ್ನೋ ತೂಗುದೀಪವನ್ನೋ ತಂದು, ಉಜ್ಜಿ, ಬಣ್ಣ ಹೊಡೆದು, ಸಂದುಗೊಂದುಗಳಿಗೆಲ್ಲ ಸಿಲಿಕಾನ್ ಮೆತ್ತಿ ತೋಟದಲ್ಲಿ ಹಾಕುತ್ತಾರೆ. ಎರಡು ಮೂರು ವಾರ ಚೆನ್ನಾಗಿಯೇ ಉರಿಯುತ್ತದೆ. ಆಮೇಲೊಂದು ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಯೆಲ್ಲ ಮಂಜು, ತಳದಲ್ಲಿ ಬೆರಳಗಲ ನೀರು, ಹೋಲ್ಡರಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ಬಿಚ್ಚಿ, ಒಣಗಿಸಿ, ಇನ್ನಷ್ಟು ಸಿಲಿಕಾನ್ ಮೆತ್ತುತ್ತಾರೆ. ಮುಂದಿನ ಮಳೆಗೆ ಮತ್ತೆ ಅದೇ ಪಾಡು.

ಸಿಲಿಕಾನ್ ಸಾಲದೆ ಹೀಗಾಯಿತು ಎಂದುಕೊಳ್ಳುವುದೇ ತಪ್ಪು. ದೀಪ ಉರಿಯುವಾಗ ಒಳಗಿನ ಗಾಳಿ ಬಿಸಿಯಾಗಿ, ಹಿಗ್ಗಿ, ಹೊರಗೆ ಹೋಗುತ್ತದೆ. ಆರಿಸಿದ ಮೇಲೆ ಒಳಗೆ ತಣ್ಣಗಾಗುತ್ತದೆ, ಗಾಳಿ ಕುಗ್ಗುತ್ತದೆ, ಸೂಜಿಮೊನೆಯಷ್ಟು ಸಂದಿದ್ದರೂ ಸಾಕು, ಹೊರಗಿನ ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಸಂದೇ ಇಲ್ಲದಿದ್ದರೆ ವೈರಿನ ಎಳೆಗಳ ನಡುವಿನಿಂದಲಾದರೂ ಎಳೆದುಕೊಳ್ಳುತ್ತದೆ. ಹಾಗೆ ಬಂದ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಎಲ್ಲ ದಾರಿಯನ್ನೂ ನೀವೇ ಮುಚ್ಚಿರುವುದರಿಂದ ಹೊರಗೆ ಹೋಗಲಾರದೆ ಅಲ್ಲೇ ಕೂರುತ್ತದೆ.

ಮನೆಯೊಳಗಿನ ಬಳಕೆಗೆಂದು ಮಾಡಿದ ಕವಚವನ್ನು ಜಲನಿರೋಧಕ ಮಾಡುವ ಆಸೆ ಬಿಟ್ಟುಬಿಡಿ. ಕರೆಂಟು ಹರಿಯುವ ಭಾಗ ತನ್ನಷ್ಟಕ್ಕೆ ತಾನೇ ನೀರು ತಡೆಯುವಂಥದ್ದಾಗಿರಲಿ. ಹಳೆಯ ಕವಚ ಅದರ ಮೇಲೆ ಕೊಡೆಯಂತೆ ಇರಲಿ, ಒಳಗೆ ಬಂದ ನೀರನ್ನು ಕೆಳಗಿನಿಂದ ಬಿಟ್ಟುಬಿಡಲಿ. ಮುಂದಿನ ಹಂತಗಳೆಲ್ಲ ಈ ತೀರ್ಮಾನದ ಮೇಲೆ ನಿಂತಿವೆ.

## ಕೈ ಹಾಕುವ ಮೊದಲು: 12 ವೋಲ್ಟ್ ಮಾತ್ರ

ತೋಟಕ್ಕೆ ಮನೆಯ ಕರೆಂಟನ್ನು ನೇರವಾಗಿ ಒಯ್ಯಬೇಡಿ. ಅರ್ತಿಂಗ್ ಇಲ್ಲದ ಹಳೆಯ ಲೋಹದ ಫಿಟ್ಟಿಂಗಿನೊಳಗೆ ಮೇನ್ಸ್ ವೈರು, ಹೊರಗೆ ಒದ್ದೆ ನೆಲ, ಬರಿಗಾಲು. ಈ ಮೂರು ಸೇರಿದರೆ ಜೀವಕ್ಕೇ ಅಪಾಯ. ಈ ಮಾರ್ಗದರ್ಶಿಯ ಎಲ್ಲ ದೀಪಗಳೂ 12 ವೋಲ್ಟ್ ಡಿಸಿಯಲ್ಲಿ ಉರಿಯುತ್ತವೆ. ಮೇನ್ಸನ್ನು 12 ವೋಲ್ಟಿಗೆ ಇಳಿಸುವ ಡ್ರೈವರ್ ಒಂದೇ ಕಡೆ, ನೆರಳಿನಲ್ಲಿ ಇರುತ್ತದೆ. ಡ್ರೈವರಿನ ಮೇನ್ಸ್ ಬದಿಯ ಕೆಲಸ, ಅದಕ್ಕೆ ಕರೆಂಟು ಸೋರಿದೊಡನೆ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ರಕ್ಷಣೆ, ಎರಡನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮಿಕ್ಕಿದ್ದೆಲ್ಲ ನಿಮ್ಮ ಕೆಲಸ.

ಬೇಕಾಗುವ ಉಪಕರಣಗಳು: ಮಲ್ಟಿಮೀಟರ್, ವೈರ್ ಸ್ಟ್ರಿಪ್ಪರ್, ಸೋಲ್ಡರಿಂಗ್ ಐರನ್, ಹೀಟ್ ಗನ್, ಡ್ರಿಲ್ ಮತ್ತು 3, 6, 12.5 ಮಿ.ಮೀ. ಬಿಟ್‌ಗಳು, ತಂತಿ ಬ್ರಷ್, 120 ಮತ್ತು 240 ನಂಬರಿನ ನೀರು ತಡೆಯುವ ಉಪ್ಪುಕಾಗದ, ಒಂದು ಅಯಸ್ಕಾಂತ, ತೂಕದ ಸ್ಪ್ರಿಂಗ್ ಬ್ಯಾಲೆನ್ಸ್. ಸಾಮಾನುಗಳಲ್ಲಿ ಒಳಗೋಡೆಗೆ ಅಂಟು ಇದ್ದು ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ, ಕೇಬಲ್ ಒಳಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಕೇಬಲ್ ಗ್ಲಾಂಡ್, ಸ್ಟೇನ್‌ಲೆಸ್ ಸ್ಕ್ರೂ ಹಾಗೂ ಒಣಗುವಾಗ ಆಮ್ಲ ಬಿಡದ ನ್ಯೂಟ್ರಲ್ ಕ್ಯೂರ್ ಸಿಲಿಕಾನ್, ಈ ನಾಲ್ಕರಲ್ಲಿ ರಾಜಿ ಬೇಡ. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ಕಿಲುಬಿಗೆ ಮಳೆ ಕಾರಣ ಎಂದು ಬೈಯುವವರಲ್ಲಿ ಅನೇಕರಿಗೆ ಅದನ್ನು ತಂದದ್ದು ಈ ಸಿಲಿಕಾನ್.

## ಹಂತ 1: ಸರಿಯಾದ ಫಿಟ್ಟಿಂಗ್ ಆರಿಸುವುದು

ಹಿತ್ತಾಳೆ, ತಾಮ್ರ, ಎರಕದ ಅಲ್ಯೂಮಿನಿಯಂ, ಎರಕದ ಕಬ್ಬಿಣ, ದಪ್ಪ ಗಾಜು, ಎನಾಮಲ್ ಲೇಪದ ತಗಡಿನ ಶೇಡ್, ಇವು ಹೊರಗೆ ಬಾಳುತ್ತವೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಬಟ್ಟೆ, ಕಾಗದ, ತೆಳು ಪ್ಲಾಸ್ಟಿಕ್, ಕ್ರೋಮ್ ಮುಲಾಮು ಹಾಕಿದ ತಗಡು ಬಾಳುವುದಿಲ್ಲ. ಕ್ರೋಮಿನಲ್ಲಿ ಒಂದು ಗೀರು ಬಿದ್ದರೆ ಸಾಕು, ತುಕ್ಕು ಅದರಡಿಯಲ್ಲಿ ಹರಡಿ ಮುಲಾಮನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ.

ಹಿತ್ತಾಳೆ ಎಂದು ಕೊಡುವ ಅನೇಕ ದೀಪಗಳು ಹಿತ್ತಾಳೆ ಬಣ್ಣದ ಉಕ್ಕು. ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಉಕ್ಕು, ಅದಕ್ಕೆ ಪೂರ್ತಿ ಬಣ್ಣ ಬೇಕೇ ಬೇಕು. ಅಂಟದಿದ್ದರೆ ಒಳಬದಿಯಲ್ಲಿ, ಕಾಣದ ಕಡೆ, ಉಗುರಗಲ ಕೆರೆದು ನೋಡಿ. ಹಳದಿಯೇ ಮುಂದುವರಿದರೆ ಹಿತ್ತಾಳೆ, ಬೂದುಬಣ್ಣ ಕಂಡರೆ ಸತುವಿನ ಎರಕ. ಸತುವಿನ ಎರಕದ ಕತ್ತು ಒತ್ತಡಕ್ಕೆ ಮುರಿಯುವಂಥದ್ದು, ಅದರಿಂದ ಭಾರ ತೂಗಬೇಡಿ.

ಗಾಜನ್ನು ಉಗುರಿನಿಂದ ತಟ್ಟಿ. ಗಟ್ಟಿ ಗಾಜು ಟಿಣ್ ಎನ್ನುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಸತ್ತಂತಿರುತ್ತದೆ.

ಮೂರನ್ನು ಮಾತ್ರ ಮನೆಗೇ ತರಬೇಡಿ. ಒಂದು, ಹಳೆಯ ಟ್ಯೂಬ್‌ಲೈಟ್ ಫಿಟ್ಟಿಂಗ್: ಟ್ಯೂಬಿನಲ್ಲಿ ಪಾದರಸ ಇರುತ್ತದೆ, 1970ರ ದಶಕದವರೆಗಿನ ಕೆಲವು ಚೋಕ್‌ಗಳ ಕೆಪಾಸಿಟರಿನಲ್ಲಿ ಪಿಸಿಬಿ ಎಂಬ ವಿಷದ ಎಣ್ಣೆ ಇರುತ್ತದೆ. ಎರಡು, ಬಲ್ಬಿನ ಮೇಲ್ಭಾಗದಲ್ಲಿ ಬೂದು ಬಿಳುಪಿನ, ಮುಟ್ಟಿದರೆ ಪುಡಿಯಾಗುವ ನಾರಿನ ಹೊದಿಕೆ ಇರುವ ಹಳೆಯ ದೀಪ: ಅದು ಕಲ್ನಾರು ಆಗಿರಬಹುದು, ಕೆರೆಯುವುದಂತೂ ಬೇಡವೇ ಬೇಡ. ಮೂರು, ಸ್ಫಟಿಕ ತೂಗುಹಾಕಿದ ಗೊಂಚಲು ದೀಪ: ಗಾಳಿಗೆ ಒಂದಕ್ಕೊಂದು ಬಡಿದು ಒಡೆಯುತ್ತವೆ. ಸ್ಫಟಿಕ ಕಳಚಿ, ಲೋಹದ ಕೈಗಳನ್ನು ಮಾತ್ರ ಉಳಿಸಿಕೊಳ್ಳುವುದಾದರೆ ಸರಿ.

## ಹಂತ 2: ಪೂರ್ತಿ ಬಿಚ್ಚುವುದು

ಹಳೆಯ ವೈರನ್ನು ಉಳಿಸಿಕೊಳ್ಳುವ ಯೋಚನೆಯೇ ಬೇಡ. ವರ್ಷಗಟ್ಟಲೆ ಬಲ್ಬಿನ ಬಿಸಿಗೆ ಬೆಂದ ಇನ್ಸುಲೇಷನ್ ಬಗ್ಗಿಸಿದ ಕೂಡಲೇ ಬಿರುಕು ಬಿಡುತ್ತದೆ. ಬಟ್ಟೆ ಹೊದಿಸಿದ ವೈರು ನೀರನ್ನು ಬತ್ತಿಯಂತೆ ಹೀರುತ್ತದೆ. ಹೋಲ್ಡರ್, ಸ್ವಿಚ್, ಸೀಲಿಂಗ್ ರೋಸ್ ಎಲ್ಲವನ್ನೂ ತೆಗೆದು ಬರೀ ಕವಚ ಉಳಿಸಿಕೊಳ್ಳಿ.

ಬಿಚ್ಚುತ್ತಾ ಹೋದಂತೆ ಪ್ರತಿ ಹೆಜ್ಜೆಗೂ ಫೋನಿನಲ್ಲಿ ಚಿತ್ರ ತೆಗೆದಿಡಿ, ಬಿಡಿಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಹಳೆಯ ದೀಪಗಳ ನಡುವೆ ಹಾದುಹೋಗುವ ಟೊಳ್ಳು ದಾರಕಡ್ಡಿ (ಮೈಯೆಲ್ಲ ಸ್ಕ್ರೂವಿನಂಥ ಸುತ್ತುಗಳಿರುವ ಕಡ್ಡಿ) ಬಹುಪಾಲು 10 ಮಿ.ಮೀ. ದಪ್ಪದ್ದು. ಅದನ್ನು ಎಸೆಯಬೇಡಿ, ಹೊಸ ವೈರು ಹೋಗುವುದೂ ಅದರಲ್ಲೇ, ಕವಚ ಬಿಗಿಯುವುದೂ ಅದರಿಂದಲೇ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟಿಗೆ ತುಕ್ಕುಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬಲವಂತವಾಗಿ ತಿರುಗಿಸಿದರೆ ಮುರಿಯುವುದು ನಟ್ಟಲ್ಲ, ಎರಕದ ಕತ್ತು.

## ಹಂತ 3: ಒಳಗಿನ ಬೆಳಕನ್ನು ಮೊದಲೇ ಆರಿಸುವುದು

ತೂತು ಕೊರೆಯುವ ಮೊದಲೇ, ಬಣ್ಣ ಹೊಡೆಯುವ ಮೊದಲೇ, ಒಳಗೆ ಕೂರುವ ದೀಪ ಕೈಯಲ್ಲಿರಬೇಕು. ಅದರ ಅಳತೆ ಗೊತ್ತಿಲ್ಲದೆ ಕೊರೆದ ತೂತು ಎಂದೂ ಸರಿಯಾದ ಜಾಗದಲ್ಲಿ ಬರುವುದಿಲ್ಲ.

ನೀರು ತಡೆಯುವ ಮಟ್ಟವನ್ನು ಐಪಿ ಸಂಖ್ಯೆ ಹೇಳುತ್ತದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ44 ಎಂದರೆ ಎರಚಲು ತಡೆಯುತ್ತದೆ, ಐಪಿ65 ಪೈಪಿನ ನೀರು ತಡೆಯುತ್ತದೆ, ಐಪಿ67 ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ನಮ್ಮ ಕವಚದಲ್ಲಿ ತೇವ ಓಡಾಡುವುದನ್ನು ನಾವೇ ಒಪ್ಪಿಕೊಂಡಿದ್ದೇವೆ, ಹಾಗಾಗಿ ಒಳಗಿನ ದೀಪ ಐಪಿ67 ಇರಲಿ.

ಹೆಚ್ಚಿನ ಕವಚಗಳಿಗೆ ಪ್ಲಾಸ್ಟಿಕ್‌ನಲ್ಲಿ ಪೂರ್ತಿ ಎರಕ ಹೊಯ್ದ 12 ವೋಲ್ಟಿನ ಎಲ್‌ಇಡಿ ಮಾಡ್ಯೂಲ್ ಹೊಂದುತ್ತದೆ. ಒಂದು ವ್ಯಾಟಿಗೆ ಸುಮಾರು 100 ಲೂಮೆನ್ ಲೆಕ್ಕ ಹಿಡಿಯಿರಿ. ಕಾಲುದಾರಿಯ ದೀಪಕ್ಕೆ 1ರಿಂದ 1.5 ವ್ಯಾಟ್ ಸಾಕು, ಕೂರುವ ಜಾಗದ ಮೇಲೆ ತೂಗುವ ದೀಪಕ್ಕೆ 3 ವ್ಯಾಟ್, ಮರದ ಬೊಡ್ಡೆಗೆ ಕೆಳಗಿನಿಂದ ಬೆಳಕು ಹಾಯಿಸಲು 3ರಿಂದ 5 ವ್ಯಾಟ್. ಇದಕ್ಕಿಂತ ಹೆಚ್ಚು ಬೆಳಕಾದರೆ ತೋಟ ಚೆನ್ನಾಗಿ ಕಾಣುವುದಿಲ್ಲ, ಕಣ್ಣು ಕುಕ್ಕುತ್ತದೆ. ಬೆಳಕಿನ ಬಣ್ಣ 2700 ಕೆಲ್ವಿನ್ ಅಥವಾ ಅದಕ್ಕಿಂತ ಕೆಳಗಿರಲಿ, ಅಂದರೆ ಹಳದಿ ಛಾಯೆಯದಾಗಿರಲಿ. ನೀಲಿ ಹೆಚ್ಚಿರುವ ಬಿಳಿ ಬೆಳಕಿಗೆ ಹುಳುಗಳು ಮುತ್ತುವುದು ಹೆಚ್ಚು, ಅವು ಸತ್ತು ಕವಚದ ತಳ ತುಂಬಿ ನೀರಿನ ದಾರಿ ಕಟ್ಟುತ್ತವೆ.

ಹಳೆಯ ಹೋಲ್ಡರ್ ಹಾಗೇ ಇಟ್ಟು 12 ವೋಲ್ಟಿನ ಬಲ್ಬ್ ಹಾಕಬಹುದಲ್ಲ ಎಂಬ ಪ್ರಶ್ನೆ ಸಾಮಾನ್ಯ. ಬೇಡ. ಹೋಲ್ಡರಿನೊಳಗಿನ ಲೋಹ ಗಾಳಿಗೆ ತೆರೆದಿರುತ್ತದೆ, ಕಿಲುಬು ಶುರುವಾಗುವುದೇ ಅಲ್ಲಿ. ಇನ್ನೊಂದು ಅಪಾಯ, ಇ27 (ತಿರುಗಿಸಿ ಹಾಕುವ) ಅಥವಾ ಬಿ22 (ಎರಡು ಪಿನ್ನಿನ) ತಲೆಯ 12 ವೋಲ್ಟ್ ಬಲ್ಬ್ ಮೇನ್ಸ್ ಬಲ್ಬಿನಂತೆಯೇ ಕಾಣುತ್ತದೆ. ನಾಳೆ ಯಾರಾದರೂ ಅದನ್ನು ಮನೆಯೊಳಗಿನ ಹೋಲ್ಡರಿಗೆ ಹಾಕಿದರೆ ಸಿಡಿಯಬಹುದು.

ಮಾಡ್ಯೂಲನ್ನು ಕವಚದ ಮಾಡಿನ, ಅಂದರೆ ಮೇಲ್ಮುಚ್ಚಳದ, ಒಳಬದಿಗೆ, ಕೆಳಮುಖವಾಗಿ ಕೂರಿಸಿ. ಹಳೆಯ ಲಾಂದ್ರಗಳಲ್ಲಿ ಬಲ್ಬ್ ತಳದಿಂದ ಮೇಲೆ ನಿಂತಿರುತ್ತದೆ. ನೀರು ಸೇರುವುದೂ ತಳದಲ್ಲೇ. ಬೆಳಕು ಮೇಲೆ, ನೀರು ಕೆಳಗೆ ಎಂದು ಜಾಗ ಬೇರ್ಪಡಿಸಿದರೆ ಅರ್ಧ ಕೆಲಸ ಗೆದ್ದಂತೆ. 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡಿನ ತುಂಡಿಗೆ ಮಾಡ್ಯೂಲ್ ಸ್ಕ್ರೂ ಮಾಡಿ, ಆ ತಗಡನ್ನು ದಾರಕಡ್ಡಿಗೆ ನಟ್ ಹಾಕಿ ಬಿಗಿಯಿರಿ. ಬಿಸಿಯನ್ನು ತಗಡು ಹೀರಿಕೊಳ್ಳುತ್ತದೆ. ಮಾಡ್ಯೂಲಿನ ಹಿಂದಿರುವ ಅಂಟುಪಟ್ಟಿಯನ್ನು ಮಾತ್ರ ನಂಬಿದರೆ ಬಿಸಿಲಿಗೆ ಕಾದ ಕವಚದಲ್ಲಿ ಅದು ಜಾರಿ ಬೀಳುತ್ತದೆ.

## ಹಂತ 4: ನೀರು ಹೋಗುವ ತೂತು, ವೈರು ಬರುವ ತೂತು

ಇಡೀ ಕೆಲಸದಲ್ಲಿ ಜನ ಹಿಂಜರಿಯುವುದು ಇಲ್ಲಿ. ಚೆನ್ನಾಗಿರುವ ಹಿತ್ತಾಳೆಗೆ ತೂತು ಕೊರೆಯಲು ಮನಸ್ಸು ಬರುವುದಿಲ್ಲ. ಆದರೂ ಕೊರೆಯಬೇಕು, ಬಣ್ಣಕ್ಕೆ ಮೊದಲೇ ಕೊರೆಯಬೇಕು. ಬಣ್ಣದ ಮೇಲೆ ಕೊರೆದರೆ ತೂತಿನ ಅಂಚು ಬರಿದಾಗಿ ಉಳಿದು ತುಕ್ಕು ಅಲ್ಲಿಂದಲೇ ಹೊರಡುತ್ತದೆ.

ಮೊದಲು ಕವಚವನ್ನು ತೋಟದಲ್ಲಿ ಹೇಗೆ ನಿಲ್ಲುತ್ತದೋ ಹಾಗೆಯೇ ಹಿಡಿದು ಒಳಗೆ ಒಂದು ಲೋಟ ನೀರು ಹೊಯ್ಯಿರಿ. ನೀರು ಎಲ್ಲಿ ನಿಲ್ಲುತ್ತದೆ ನೋಡಿ, ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಕಣ್ಣಂದಾಜಿಗೆ ತೀರಾ ತಗ್ಗು ಅನ್ನಿಸುವ ಜಾಗ ಮತ್ತು ನೀರು ನಿಜಕ್ಕೂ ನಿಲ್ಲುವ ಜಾಗ ಎಷ್ಟೋ ಸಲ ಬೇರೆ. ಗುರುತಿನ ಮೇಲೆ ಮೊಳೆಯಿಂದ ಸಣ್ಣ ಗುಳಿ ಮಾಡಿ, 3 ಮಿ.ಮೀ. ಬಿಟ್‌ನಲ್ಲಿ ಕೊರೆದು, ಆಮೇಲೆ 6 ಮಿ.ಮೀ.ಗೆ ಹಿಗ್ಗಿಸಿ. ಮೂರು ಮಿ.ಮೀ.ನಲ್ಲೇ ನಿಲ್ಲಿಸಿದರೆ ಹನಿ ತನ್ನ ಮೇಲ್ಮೈ ಬಿಗಿತದಿಂದ ತೂತಿನಲ್ಲೇ ಮುಚ್ಚಳದಂತೆ ಕೂರುತ್ತದೆ, ಇಳಿಯುವುದಿಲ್ಲ. ಆರು ಮಿ.ಮೀ. ಆದರೆ ಸಲೀಸಾಗಿ ಇಳಿಯುತ್ತದೆ. ಒಳ ಅಂಚಿನ ಮುಳ್ಳನ್ನು ಅರದಿಂದ ತೆಗೆಯಿರಿ, ಆ ಮುಳ್ಳೇ ಸಣ್ಣ ಕಟ್ಟೆಯಾಗಿ ತೆಳುಪದರ ನೀರನ್ನು ತಡೆದು ನಿಲ್ಲಿಸುತ್ತದೆ. ಮತ್ತೊಮ್ಮೆ ನೀರು ಹೊಯ್ದು, ಪೂರ್ತಿ ಖಾಲಿಯಾಗುತ್ತದೆಯೇ ನೋಡಿ. ದೊಡ್ಡ ಕವಚವಾದರೆ ಎರಡು ತೂತು ಬೇಕು. ಇರುವೆ, ಕಣಜ ಒಳಗೆ ಗೂಡು ಕಟ್ಟದಂತೆ ಒಳಬದಿಯಿಂದ ಸ್ಟೇನ್‌ಲೆಸ್ ಬಲೆಯ ಚೂರೊಂದನ್ನು ಗುಮ್ಮಟದಂತೆ ಉಬ್ಬಿಸಿ ಇಡಿ. ಚಪ್ಪಟೆಯಾಗಿ ಇಟ್ಟರೆ ಒಂದೇ ಎಲೆ ಬಿದ್ದರೂ ದಾರಿ ಮುಚ್ಚುತ್ತದೆ.

ವೈರಿನ ತೂತು ಪಕ್ಕದಲ್ಲೋ ಕೆಳಗೋ ಇರಲಿ, ಮಾಡಿನ ಮೇಲೆ ಬೇಡ. ಪಿಜಿ7 ಅಳತೆಯ ಗ್ಲಾಂಡಿಗೆ 12.5 ಮಿ.ಮೀ. ತೂತು ಬೇಕು, ಅದು 3ರಿಂದ 6.5 ಮಿ.ಮೀ. ದಪ್ಪದ ದುಂಡು ಕೇಬಲನ್ನು ಹಿಡಿಯುತ್ತದೆ. ಚಪ್ಪಟೆ ಕೇಬಲನ್ನು ಈ ದುಂಡು ಬಾಯಿಯ ಗ್ಲಾಂಡ್ ಹಿಡಿಯಲಾರದು, ಎರಡು ಬದಿಯಲ್ಲಿ ಸಂದು ಉಳಿದೇ ಉಳಿಯುತ್ತದೆ. ತೂಗುದೀಪದಲ್ಲಿ ವೈರು ಮೇಲಿನಿಂದಲೇ ಬರಬೇಕಾದರೆ ಗ್ಲಾಂಡಿನ ಮೇಲೊಂದು ಸಣ್ಣ ಲೋಹದ ಟೋಪಿ ಕವುಚಿ ಹಾಕಿ.

## ಹಂತ 5: ಶುಚಿ ಮತ್ತು ಬಣ್ಣ

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಬೇಡಿ. ನೀರು ಹಚ್ಚಿ ಉಜ್ಜಿ, ಧೂಳು ತಡೆಯುವ ಮುಖಗವಸು ಹಾಕಿ, ಮಕ್ಕಳನ್ನು ದೂರವಿಡಿ, ಚಕ್ಕೆಗಳನ್ನು ಕಾಗದದ ಮೇಲೆ ಹಿಡಿದು ಕಟ್ಟಿ ಎಸೆಯಿರಿ. ತೋಟದ ಮಣ್ಣಿಗೆ ಅದು ಬೀಳಲೇಬಾರದು.

ಉಕ್ಕಿಗೆ ಮೊದಲು ತಂತಿ ಬ್ರಷ್, ನಂತರ 120, ಕೊನೆಗೆ 240 ನಂಬರಿನ ಕಾಗದ. ಒರೆಸಿ ಒಣಗಿದ ದಿನವೇ ಪ್ರೈಮರ್ ಬೀಳಬೇಕು, ರಾತ್ರಿಯಿಡೀ ಬಿಟ್ಟರೆ ಕಣ್ಣಿಗೆ ಕಾಣದ ತುಕ್ಕು ಮತ್ತೆ ಕಟ್ಟಿರುತ್ತದೆ. ಅಲ್ಯೂಮಿನಿಯಂ ಮತ್ತು ಸತು ಲೇಪದ ಮೇಲೆ ಸಾಮಾನ್ಯ ಪ್ರೈಮರ್ ಹಿಡಿಯುವುದಿಲ್ಲ, ಲೋಹದ ಮೈಯನ್ನು ಕೊಂಚ ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬಳಸಿ. ದಪ್ಪಗೆ ಒಂದು ಕೈ ಹೊಡೆಯುವ ಬದಲು ತೆಳ್ಳಗೆ ಎರಡು ಕೈ. ತೂತುಗಳ ಒಳ ಅಂಚಿಗೆ ಸಣ್ಣ ಕುಂಚದಿಂದ ಬೇರೆಯಾಗಿ ಹಚ್ಚಿ. ನಿಜವಾದ ಹಿತ್ತಾಳೆ, ತಾಮ್ರಕ್ಕೆ ಬಣ್ಣ ಬೇಡ, ಅವು ಹೊರಗೆ ಕಪ್ಪಾಗಿ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ.

ತಾಮ್ರ ಅಥವಾ ಹಿತ್ತಾಳೆ ಭಾಗವನ್ನು ಅಲ್ಯೂಮಿನಿಯಂಗೆ ನೇರವಾಗಿ ತಾಗಿಸಬೇಡಿ. ಒದ್ದೆಯಾದಾಗ ಅವೆರಡರ ನಡುವೆ ಬ್ಯಾಟರಿಯಂತೆ ಕರೆಂಟು ಹರಿದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿ. ಹಂತ 3ರಲ್ಲಿ ಹೇಳಿದ ತಗಡಿಗೂ ಇದು ಅನ್ವಯ.

ಗಾಜು ಕೂರಿಸುವಾಗ ಮೇಲಿನ ಅಂಚಿಗೆ ರಬ್ಬರ್ ರಿಂಗ್ ಇರಲಿ. ಸ್ಕ್ರೂಗಳನ್ನು ಬೆರಳಲ್ಲಿ ಬಿಗಿದು, ಆಮೇಲೆ ಕಾಲು ಸುತ್ತು, ಅಷ್ಟೇ. ಬಿಸಿಲಿಗೆ ಲೋಹ ಹಿಗ್ಗುವುದಕ್ಕೆ ಜಾಗ ಬೇಕು.

## ಹಂತ 6: ವೈರಿಂಗ್ ಮತ್ತು ಜೋಡಣೆ

ಹೊರಗಿನ ಬಳಕೆಯ ರಬ್ಬರ್ ಹೊದಿಕೆಯ ದುಂಡು ಕೇಬಲ್ ಆರಿಸಿ. ಮನೆಯೊಳಗಿನ ಪಿವಿಸಿ ವೈರು ಬಿಸಿಲಿನ ನೇರಳಾತೀತ ಕಿರಣಕ್ಕೆ ಗರಿಗರಿಯಾಗಿ ಒಡೆಯುತ್ತದೆ. ಇನ್ಸುಲೇಷನ್ ಟೇಪು ಹೊರಗೆ ಎಲ್ಲಿಯೂ ಬೇಡ: ಬಿಸಿಲಿಗೆ ಅಂಟು ಕರಗುತ್ತದೆ, ಸುರುಳಿ ಸಡಿಲವಾಗುತ್ತದೆ, ಒಳಗೆ ಸೇರಿದ ನೀರನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ.

ಒಂದು ಜೋಡಣೆ ಮಾಡುವ ಕ್ರಮ ಹೀಗೆ:

1. ಕೇಬಲಿನೊಳಗಿನ ಪ್ರತಿ ವೈರಿಗೂ 40 ಮಿ.ಮೀ. ಉದ್ದದ ಅಂಟಿರುವ ಹೀಟ್‌ಶ್ರಿಂಕ್ ಕೊಳವೆಯನ್ನು ಮೊದಲು ತೂರಿಸಿ ದೂರ ಸರಿಸಿಡಿ, ಎರಡನ್ನೂ ಒಟ್ಟಿಗೆ ಮುಚ್ಚುವ ದೊಡ್ಡ ಕೊಳವೆಯನ್ನೂ ತೂರಿಸಿ. ಬೆಸುಗೆ ಮುಗಿದ ಮೇಲೆ ಕೊಳವೆ ನೆನಪಾಗುವುದು ಎಲ್ಲರಿಗೂ ಆಗುವ ತಪ್ಪು.

2. ತುದಿಯನ್ನು 10 ಮಿ.ಮೀ. ಸುಲಿಯಿರಿ. ತಾಮ್ರ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ ಹೊಳೆಯುವ ಎಳೆ ಸಿಗುವವರೆಗೂ ಕತ್ತರಿಸುತ್ತಾ ಹೋಗಿ.

3. ಎರಡು ತುದಿಗಳನ್ನು ಒಂದರೊಳಗೊಂದು ಹೆಣೆದು ಬೆಸುಗೆ ಹಾಕಿ. ಕರಗಿದ ಬೆಸುಗೆ ಎಳೆಗಳ ನಡುವೆ ಪೂರ್ತಿ ಇಳಿದು, ಬರಿದಾದ ಭಾಗವೆಲ್ಲ ಒಂದೇ ಗಟ್ಟಿ ಕಡ್ಡಿಯಾಗಬೇಕು. ಎಳೆಗಳ ನಡುವೆ ನೀರು ಏರಿಬರುವುದನ್ನು ತಡೆಯುವ ಅಣೆಕಟ್ಟು ಇದೇ. ಬರೀ ಹೊರಮೈಗೆ ಹತ್ತಿದ ಬೆಸುಗೆಯಿಂದ ಈ ಉಪಯೋಗವಿಲ್ಲ.

4. ತಣ್ಣಗಾದ ಮೇಲೆ ಕೊಳವೆಯನ್ನು ನಡುವಿಗೆ ತಂದು, ಹೀಟ್ ಗನ್ನಿನ ಬಿಸಿಯನ್ನು ನಡುವಿನಿಂದ ಎರಡೂ ತುದಿಗೆ ಒಯ್ಯಿರಿ. ಎರಡೂ ಬಾಯಿಯಲ್ಲಿ ಅಂಟಿನ ತೆಳು ಉಂಗುರ ಉಬ್ಬಿ ಕಂಡಾಗ ನಿಲ್ಲಿಸಿ. ಉಂಗುರ ಕಾಣದಿದ್ದರೆ ಒಳಗೆ ಅಂಟು ಕರಗಿಲ್ಲ ಎಂದರ್ಥ.

5. ದೊಡ್ಡ ಕೊಳವೆಯನ್ನೂ ಹೀಗೆಯೇ ಮುಗಿಸಿ.

ಒಂದು ಕೇಬಲಿನಿಂದ ಕವಲು ತೆಗೆಯುವಲ್ಲಿ ಜೆಲ್ ತುಂಬಿದ ಕನೆಕ್ಟರ್ ಸುಲಭ. ಎಲ್ಲ ಜೋಡಣೆಗಳೂ ನೆಲದ ಮೇಲೆ, ಕೈಗೆ ಸಿಗುವ ಕಡೆ ಇರಲಿ. ಮಣ್ಣಿನಡಿ ಹೂತ ಜೋಡಣೆ ಕೆಟ್ಟರೆ ಹುಡುಕಲು ಇಡೀ ಸಾಲು ಅಗೆಯಬೇಕು. ಪ್ಲಸ್ ಮೈನಸ್ ಅದಲುಬದಲಾದರೆ ಮಾಡ್ಯೂಲ್ ಉರಿಯುವುದಿಲ್ಲ, ಗಾಬರಿ ಬೇಡ, ತಿರುಗಿಸಿ ಜೋಡಿಸಿ.

ಗ್ಲಾಂಡಿಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಗೆ ಜೋತು, ನಂತರ ಮೇಲಕ್ಕೆ ಏರಿ ಒಳಗೆ ಹೋಗಲಿ. ಕೇಬಲಿನ ಮೇಲೆ ಹರಿದು ಬರುವ ನೀರು ಆ ಬಾಗಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ.

## ಹಂತ 7: ಕೇಬಲ್ ದಪ್ಪ, ಡ್ರೈವರ್ ಗಾತ್ರ

ಕೊನೆಯ ದೀಪ ಮಂಕಾಗಿ ಉರಿಯುತ್ತದೆ ಎಂಬ ದೂರಿಗೆ ದೀಪ ಕಾರಣವಲ್ಲ. 12 ವೋಲ್ಟಿನಲ್ಲಿ ತಂತಿಯ ಉದ್ದ ತಿನ್ನುವ ವೋಲ್ಟೇಜ್ ದೊಡ್ಡ ಪಾಲಾಗುತ್ತದೆ. ತಾಮ್ರದ ತಂತಿಗೆ ಲೆಕ್ಕ ಹೀಗೆ:

ವೋಲ್ಟ್ ಕುಸಿತ = 2 × ಉದ್ದ (ಮೀಟರ್) × ಆಂಪಿಯರ್ × 0.0175 ÷ ತಂತಿಯ ಗಾತ್ರ (ಚದರ ಮಿ.ಮೀ.)

ಮೂರು ವ್ಯಾಟಿನ 6 ದೀಪ ಎಂದರೆ 18 ವ್ಯಾಟ್, 12 ವೋಲ್ಟಿನಲ್ಲಿ 1.5 ಆಂಪಿಯರ್. ಇವೆಲ್ಲ 20 ಮೀಟರ್ ದೂರದ ತುದಿಯಲ್ಲಿದ್ದರೆ 0.75 ಚದರ ಮಿ.ಮೀ. ತಂತಿಯಲ್ಲಿ 1.4 ವೋಲ್ಟ್ ಕಳೆದುಹೋಗುತ್ತದೆ, 1.5ರಲ್ಲಿ 0.7 ವೋಲ್ಟ್, 2.5ರಲ್ಲಿ 0.42 ವೋಲ್ಟ್. ಕುಸಿತ 0.6 ವೋಲ್ಟಿನೊಳಗೆ, ಅಂದರೆ ನೂರಕ್ಕೆ ಐದರೊಳಗೆ, ಇರುವಂತೆ ನೋಡಿಕೊಳ್ಳಿ. ಇಲ್ಲಿ 2.5 ಚದರ ಮಿ.ಮೀ. ತಂತಿ ಬೇಕಾಯಿತು. ಆದರೆ ದೀಪಗಳು ಆ 20 ಮೀಟರಿನುದ್ದಕ್ಕೂ ಸಾಲಾಗಿದ್ದು, ಡ್ರೈವರನ್ನು ಸಾಲಿನ ನಡುವೆ ಇಟ್ಟು ಎರಡು ಕಡೆಗೆ ಮೂರು ಮೂರು ದೀಪ ಹಂಚಿದರೆ ಪ್ರತಿ ಕೈಯಲ್ಲೂ ಉದ್ದ ಅರ್ಧ, ಕರೆಂಟೂ ಅರ್ಧ. ಕುಸಿತ ಕಾಲುಭಾಗಕ್ಕೆ ಇಳಿದು 1.5ರ ತಂತಿಯೇ ಧಾರಾಳವಾಗುತ್ತದೆ. ದಪ್ಪ ತಂತಿಗೆ ಹಣ ಸುರಿಯುವ ಮೊದಲು ಡ್ರೈವರಿನ ಜಾಗ ಬದಲಿಸಲು ಆಗುತ್ತದೆಯೇ ನೋಡಿ.

ಡ್ರೈವರ್ ತನ್ನ ಶಕ್ತಿಯ ನೂರಕ್ಕೆ 80ರೊಳಗೆ ದುಡಿಯಲಿ. 18ನ್ನು 0.8ರಿಂದ ಭಾಗಿಸಿದರೆ 22.5, ಅಂದರೆ 30 ವ್ಯಾಟಿನದ್ದು ಸರಿ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಡಿ. ನೆಲದಿಂದ ಕನಿಷ್ಠ 30 ಸೆಂ.ಮೀ. ಮೇಲೆ, ಮಾಡಿನ ಅಡಿ, ನೆಟ್ಟಗೆ, ವೈರುಗಳು ಕೆಳಗಿನಿಂದ ಹೊರಡುವಂತೆ ಕೂರಿಸಿ. 12 ವೋಲ್ಟಿನ ಬದಿಗೆ 3 ಆಂಪಿಯರಿನ ಫ್ಯೂಸ್ ಹಾಕಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಶಾರ್ಟ್ ಆದ ತಂತಿ ಬಿಸಿಯೇರಿ ಸುಡಬಲ್ಲದು.

## ಹಂತ 8: ನೆಡುವುದು, ತೂಗುವುದು

ಕೇಬಲ್ ಪಿವಿಸಿ ಕೊಳವೆಯೊಳಗೆ, 15ರಿಂದ 20 ಸೆಂ.ಮೀ. ಆಳದಲ್ಲಿ ಹೋಗಲಿ. ಗುದ್ದಲಿ ಬೀಳುವ ಪಾತಿಗಳಲ್ಲಿ 30 ಸೆಂ.ಮೀ. ಕೊಳವೆ ಹೋದ ದಾರಿಯನ್ನು ಮುಚ್ಚುವ ಮೊದಲು ಚಿತ್ರ ತೆಗೆದಿಡಿ.

ಕಂಬದ ಮೇಲಿನ ದೀಪಕ್ಕೆ ನೆಲದ ಮೇಲೆ ಒಂದು ಮೀಟರ್ ಕಂಬ ಬೇಕಾದರೆ 30 ಸೆಂ.ಮೀ. ಒಳಗಿರಲಿ. ಗುಂಡಿಯ ತಳಕ್ಕೆ 5 ಸೆಂ.ಮೀ. ಜಲ್ಲಿ, ಅದರ ಮೇಲೆ ಪೈಪ್, ಸುತ್ತ 1:2:4ರ (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. ಪೈಪಿನ ಕೆಳಬಾಯಿ ಜಲ್ಲಿಗೆ ತೆರೆದಿರಲಿ, ಒಳಗಿಳಿದ ನೀರು ಅಲ್ಲಿ ಇಂಗುತ್ತದೆ. ಕಾಂಕ್ರೀಟ್ ಹಾಕುವ ಮುನ್ನವೇ ಕೇಬಲಿನ ಬಾಗುಕೊಳವೆ ಪೈಪಿನೊಳಗೆ ಬಂದಿರಬೇಕು. ಇದನ್ನು ಮರೆತು, ಗಟ್ಟಿಯಾದ ಕಾಂಕ್ರೀಟನ್ನು ಒಡೆಯಬೇಕಾಗಿ ಬರುವುದುಂಟು.

ತೂಗುದೀಪದ ಭಾರವನ್ನು ಸರಪಳಿ ಹೊರಲಿ, ಕೇಬಲ್ ಎಂದೂ ಹೊರಬಾರದು. ಗಾಜು ಸಮೇತ ತೂಗಿ ನೋಡಿ, ಅದರ ಐದು ಪಟ್ಟು ತಾಳುವ ಕೊಕ್ಕೆ, ಸರಪಳಿ ಆರಿಸಿ. ಕೇಬಲ್ ಸರಪಳಿಗಿಂತ ಒಂದಿಷ್ಟು ಉದ್ದವಿದ್ದು ಸಡಿಲವಾಗಿ ಹೆಣೆದಿರಲಿ. ಮರದ ಕೊಂಬೆಗೆ ತಂತಿಯನ್ನೋ ಹಗ್ಗವನ್ನೋ ಬಿಗಿದು ಸುತ್ತಬೇಡಿ. ಕೊಂಬೆ ದಪ್ಪವಾದಂತೆ ಅದು ತೊಗಟೆಯನ್ನು ಕೊಯ್ದು ಆಹಾರ ಹರಿಯುವ ದಾರಿ ಕಡಿಯುತ್ತದೆ, ಕೊಂಬೆ ತುದಿಯಿಂದ ಒಣಗುತ್ತದೆ. ಸ್ಟೇನ್‌ಲೆಸ್ ಕಣ್ಣುಬೋಲ್ಟ್ ಒಂದನ್ನು ಕೊಂಬೆಯ ಮೂಲಕ ಹಾಯಿಸುವುದು ನೋಡಲು ಕ್ರೂರ, ಮರಕ್ಕೆ ಆಗುವ ಗಾಯ ಮಾತ್ರ ಅದರಲ್ಲೇ ಕಡಿಮೆ.

## ಹಂತ 9: ನೀರಿನ ಪರೀಕ್ಷೆ

ಜಾಗದಲ್ಲಿ ಕೂರಿಸುವ ಮೊದಲೇ, 12 ವೋಲ್ಟಿಗೆ ತಾತ್ಕಾಲಿಕವಾಗಿ ಜೋಡಿಸಿ ಮೂರು ಗಂಟೆ ಉರಿಸಿ. ಡ್ರೈವರ್ ನೀರು ತಗಲದಷ್ಟು ದೂರದಲ್ಲಿರಲಿ. ಮಾಡ್ಯೂಲಿನ ತಗಡು ಮುಟ್ಟಿದರೆ ಬೆಚ್ಚಗಿರಬೇಕು, ಬೆರಳು ಇಡಲಾರದಷ್ಟು ಬಿಸಿಯಾದರೆ ದೊಡ್ಡ ತಗಡು ಬೇಕು. ಒಳಗೆ ಮೂರು ಕಡೆ ಟಿಶ್ಯೂ ಕಾಗದದ ಚೂರಿಡಿ: ಮಾಡ್ಯೂಲಿನ ಪಕ್ಕ, ಗ್ಲಾಂಡಿನ ಬಾಯಲ್ಲಿ, ತಳದಲ್ಲಿ. ಬಿಸಿ ಇರುವಾಗಲೇ ಹತ್ತು ನಿಮಿಷ ಮೇಲಿನಿಂದ, ಸುತ್ತಲಿಂದ ಪೈಪಿನಲ್ಲಿ ನೀರು ಬಿಡಿ. ಬಿಸಿ ಕವಚ ತಟ್ಟನೆ ತಣಿದಾಗಲೇ ನೀರನ್ನು ಒಳಗೆಳೆಯುವುದು, ಆದ್ದರಿಂದ ತಣ್ಣಗಿರುವ ದೀಪದ ಮೇಲೆ ಮಾಡುವ ಪರೀಕ್ಷೆ ಏನನ್ನೂ ತೋರಿಸುವುದಿಲ್ಲ.

ಒಂದು ಗಂಟೆ ಬಿಟ್ಟು ತೆರೆಯಿರಿ. ತಳದ ಕಾಗದ ಒದ್ದೆಯಾಗಿದ್ದರೆ ತೊಂದರೆ ಇಲ್ಲ. ಗ್ಲಾಂಡಿನದ್ದು ಒದ್ದೆಯಾಗಿದ್ದರೆ ಕೇಬಲ್ ದುಂಡಗಿಲ್ಲ ಅಥವಾ ಬಿಗಿ ಸಾಲದು. ಮಾಡ್ಯೂಲಿನ ಪಕ್ಕದ್ದು ತೊಯ್ದಿದ್ದರೆ ಮಾಡಿನ ಸೀಲಿನಲ್ಲಿ ಸಂದಿದೆ, ಅಲ್ಲಿ ಮಾತ್ರ ನ್ಯೂಟ್ರಲ್ ಸಿಲಿಕಾನ್ ತೆಳ್ಳಗೆ ಹಾಕಿ 24 ಗಂಟೆ ಒಣಗಿಸಿ ಮತ್ತೆ ಪರೀಕ್ಷಿಸಿ.

## ಕಣ್ಣಿಡಬೇಕಾದ ಲಕ್ಷಣಗಳು

ಮಳೆಯ ಮರುದಿನ ಬೆಳಿಗ್ಗೆ ಗಾಜಿನಲ್ಲಿ ಮಂಜು ಕಂಡು ಮಧ್ಯಾಹ್ನಕ್ಕೆ ಆರಿದರೆ ಕವಚ ಸರಿಯಾಗಿ ಉಸಿರಾಡುತ್ತಿದೆ. ಎರಡು ದಿನವಾದರೂ ಆರದಿದ್ದರೆ ತಳದ ತೂತು ಕಟ್ಟಿದೆ, ಕಡ್ಡಿ ಹಾಕಿ ಬಿಡಿಸಿ.

ಒಂದೇ ದೀಪ ಮಿಣುಕಿದರೆ ಅದರ ಜೋಡಣೆ ನೋಡಿ. ಆ ದೀಪದಿಂದಾಚೆಗಿನವೆಲ್ಲ ಮಿಣುಕಿದರೆ ದೋಷ ಅದರ ಹಿಂದಿನ ಕವಲಿನಲ್ಲಿದೆ. ಎಲ್ಲವೂ ಒಟ್ಟಿಗೆ ಆರಿ ಹೊತ್ತಿದರೆ ಡ್ರೈವರ್ ಬಿಸಿಯೇರಿ ತನ್ನನ್ನು ತಾನೇ ಆರಿಸಿಕೊಳ್ಳುತ್ತಿದೆ, ಅದಕ್ಕೆ ಗಾಳಿ ಸಾಲದು ಅಥವಾ ಹೊರೆ ಹೆಚ್ಚಾಗಿದೆ. ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಮೇನ್ಸ್ ಬದಿಗೆ ನೀರು ಸೇರಿದೆ. ಮತ್ತೆ ಮತ್ತೆ ಎತ್ತಿ ನೋಡಬೇಡಿ, ಹಾಗೇ ಬಿಟ್ಟು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಪ್ರತಿ ದೀಪಕ್ಕೂ ಹತ್ತು ನಿಮಿಷ ಕೊಡಿ: ಸತ್ತ ಹುಳು ತೆಗೆದು ಬಲೆ ತೊಳೆಯಿರಿ, ಗ್ಲಾಂಡಿನ ನಟ್ ಬಿಗಿದಿದೆಯೇ ನೋಡಿ, ಸರಪಳಿಯ ಕೊಂಡಿಗಳು ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಸವೆದಿವೆಯೇ ಬೆರಳಾಡಿಸಿ ನೋಡಿ, ಬಣ್ಣ ಎದ್ದ ಕಡೆ ಅಂದೇ ಉಜ್ಜಿ ಪ್ರೈಮರ್ ಹಚ್ಚಿ. ತಳದ ತೂತಿನೊಳಗೆ ಒಂದು ಲೋಟ ನೀರು ಹೊಯ್ದು, ಕೊನೆಯ ಹನಿಯವರೆಗೂ ಇಳಿದುಹೋಗುತ್ತದೆಯೇ ಎಂದು ನೋಡಿಯೇ ಗಾಜು ಮುಚ್ಚಿ.